ಲಾಭ, ಎರಡು, ಮೂರು

ರಂಗಯ್ಯನದುರ್ಗದ ಬಂಡೆಗೆ ಬಿಸಿಲು ತಾಗುವ ಮುಂಚೆ
ಹಗ್ಗ ಹಿಡಿದು ಹೊರಡುತ್ತೇವೆ,
ಎರಡು ಕಿಲೋಮೀಟರು, ನೆಟ್ಟಗೆ,
ಕಾರೆಮುಳ್ಳು ಅಡ್ಡ ಬಂದರೂ ನೆಟ್ಟಗೆ,
ಏಕೆಂದರೆ ಗಣಿತಕ್ಕೆ ಸೊಟ್ಟ ದಾರಿ ಆಗಿಬರುವುದಿಲ್ಲ,
ಕೊಂಡುಕುರಿಗೆ ನೆಟ್ಟಗಿನದು.

ಕಾಣುವುದು ಅದಲ್ಲ, ಅದರ ಹಿಕ್ಕೆ.
ಹುಷಾರಿನ ಪ್ರಾಣಿ, ಆದರೂ ಒಂದು ಚಾಳಿ:
ನಿನ್ನೆ ಹಾಕಿದ ತಾವಿಗೇ ಇವತ್ತೂ ಬರುತ್ತದೆ
ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬರುವ ಗುಮಾಸ್ತನ ಹಾಗೆ.

ವಾಚರ್ ಗಾದ್ರೆಪ್ಪ ಮಂಡಿಯೂರಿ ಎಣಿಸುತ್ತಾನೆ:
"ಲಾಭ. ಎರಡು. ಮೂರು."
ಒಂದು ಅನ್ನಪ್ಪಾ ಎಂದೆ ಮೊದಲ ದಿನ.
"ಕಣದಾಗೆ ರಾಶಿ ಅಳೆಯಾವಾಗ ನಮ್ಮವ್ವ
ಮೊದಲನೇ ಕೊಳಗಕ್ಕೆ ಲಾಭ ಅಂತಿದ್ಲು.
ನಂದೂ ಅದೇ ಬಾಯಿ, ನಗಬ್ಯಾಡ್ರಿ ಮೇಡಂ."
ನಕ್ಕೆ. ಹಾಳೆಯಲ್ಲಿ ೧ ಎಂದು ಬರೆದೆ.

ಐದಾದ ಮೇಲೆ ಅವನು ಇನ್ನೂ ವಿಚಿತ್ರ:
"ಐದು. ಐದರ ಮ್ಯಾಲೊಂದು. ಏಳು."
ಆರು ಅನ್ನುವುದಿಲ್ಲ.
ದೀಪ ಆರುತ್ತದಂತೆ, ಒಲೆ ಆರುತ್ತದಂತೆ,
ಬಾಯಿಂದ ಬಿದ್ದ ಮಾತನ್ನು ಕಾಡು ಕೇಳಿಸಿಕೊಳ್ಳುತ್ತದಂತೆ.

ನಾನು ದಾವಣಗೆರೆಯಲ್ಲಿ ಕ್ಯಾಲ್ಕುಲಸ್ ಕಲಿಸುವವಳು.
ಹದಿನೆಂಟು ವರ್ಷ, ಒಂದೊಂದು ತರಗತಿಗೆ ಎಂಬತ್ತು ಮಂದಿ,
ಎಕ್ಸ್ ಅಂದರೆ ಯಾರು ಎಂದು ಒಬ್ಬರೂ ಕೇಳಿದ್ದಿಲ್ಲ.
ಇಲ್ಲಿ ಎಕ್ಸ್‌ಗೆ ನಾಲ್ಕು ಕೊಂಬು,
ಮುಂದಿನೆರಡು ಹೆಬ್ಬೆರಳ ತುದಿಯಷ್ಟೇ,
ಹಾಕಲೋ ಬೇಡವೋ ಎಂದು ಯೋಚಿಸುತ್ತಲೇ ಹಾಕಿದ ಹಾಗೆ.

ರಾತ್ರಿ ಇಲಾಖೆಯ ಷೆಡ್ಡಿನಲ್ಲಿ ಲೆಕ್ಕ.
ಹುಟ್ಟಿದ್ದು ಕೂಡಿ ಸತ್ತದ್ದು ಕಳೆದು
ಹುಲ್ಲಿಗೊಂದು ಮಿತಿ, ನೀರಿಗೊಂದು ಮಿತಿ,
ಊರ ಕಡೆಯಿಂದ ಬರುವ ನಾಯಿಗಳಿಗೊಂದು ಗುಣಾಂಕ.
ನಾನು ಆಸೆಪಟ್ಟದ್ದು ಆರಕ್ಕೇರದ, ಮೂರಕ್ಕಿಳಿಯದ
ಸಂಸಾರಸ್ಥ ರೇಖೆ.
ಬಂದದ್ದು ಬೇರೆ.
ಮಧ್ಯೆ ಒಂದು ಹೊಸ್ತಿಲು.
ಅದರ ಕೆಳಗೆ, ಒಂಟಿ ಗಂಡು ಹೆಣ್ಣಿನ ವಾಸನೆ ಹಿಡಿಯುವಷ್ಟರಲ್ಲಿ
ಬೆದೆ ಮುಗಿದಿರುತ್ತದೆ. ರೇಖೆ ಇಳಿಯುತ್ತದೆ,
ಯಾರೂ ಕೊಲ್ಲದೆಯೂ ಇಳಿಯುತ್ತದೆ.
ಮೇಲಿದ್ದರೆ ಹೇಗೋ ಹತ್ತಿಕೊಳ್ಳುತ್ತದೆ.
ಈ ಒಂದು ಹಳ್ಳದ ಮಟ್ಟಿಗೆ ಹೊಸ್ತಿಲಿನ ಬೆಲೆ
ಆರು ದಶಾಂಶ ನಾಲ್ಕು.

ಮೂರು ಸಲ ತಾಳೆ ನೋಡಿದೆ.
ಆರಾದರೆ ಆರುತ್ತದೆ.
ಏಳಾದರೆ ಏಳುತ್ತದೆ.
ಕನ್ನಡ ಇದನ್ನು ಯಾವಾಗ ಬಿಡಿಸಿಟ್ಟಿತ್ತು?
ಹೊರಗೆ, ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪ
ಒಟ್ಟಿಗೆ ಹತ್ತಿ, ಒಟ್ಟಿಗೆ...
ಆ ಕ್ರಿಯಾಪದ ನನಗೂ ಬೇಡವಾಯಿತು.

ಗಾದ್ರೆಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ
ಅವನಿಗೆ ಆಶ್ಚರ್ಯವಾಗುತ್ತಿರಲಿಲ್ಲ ಎಂಬುದೇ ಭಯ.

ಇವತ್ತು ಕೊನೆಯ ನಡಿಗೆ.
ಹಿಕ್ಕೆಯ ತಾವು, ಗೊರಸಿನ ಅಳತೆ, ಕ್ಯಾಮೆರಾದ ಮಸುಕು ಚಿತ್ರ,
ಎಲ್ಲ ಕೂಡಿಸಿ, ಬೇರೆಬೇರೆ ಎಂದು ಖಾತ್ರಿಯಾದವು
ಐದರ ಮೇಲೊಂದು.
(ನೋಡಿ, ನಾನೂ.)
ಕಾಣದೆ ಉಳಿದವಕ್ಕೂ ಸೂತ್ರದಲ್ಲಿ ಜಾಗವಿದೆ,
ಆದರೆ ಅದು ಆಚೀಚೆ ಎಳೆದು ಹೊದೆಸಿದ ಚಳ್ಳಕೆರೆ ಕಂಬಳಿ,
ಅದರಡಿ ಐದೂ ಮಲಗಬಹುದು, ಒಂಬತ್ತೂ ಮಲಗಬಹುದು.

ಬಿಕ್ಕೆಗಿಡದ ನೆರಳಲ್ಲಿ ಕೂತುಬಿಟ್ಟೆ.
ಬೂಟಿನೊಳಗೆ ಮುಳ್ಳು.
ಒಂಬತ್ತೂವರೆಗೆ ಜಗಳೂರಿನ ಬಸ್ಸು,
ಮಧ್ಯಾಹ್ನ ಎರಡಕ್ಕೆ ಸೆಕೆಂಡ್ ಬಿಎಸ್ಸಿ.
ಮುಂದೆ ಹೋಗಿದ್ದ ಗಾದ್ರೆಪ್ಪ ನಿಂತ,
ಅಂಗೈ ಹಿಂದಕ್ಕೆ ಚಾಚಿ, ತಿರುಗದೆ,
ಬಾದೆಹುಲ್ಲಿಗೂ ಕೇಳಿಸದಷ್ಟು ಮೆಲ್ಲಗೆ ಅಂದ:
"ಏಳು."

ಎದ್ದೆ.
ಹುಲ್ಲು ಅಲ್ಲಾಡುತ್ತಿತ್ತು, ಗಾಳಿಗೂ ಇರಬಹುದು.
ಪೆನ್ಸಿಲ್ಲು ಹಾಳೆಯ ಮೇಲೆ ಹಾಗೇ ನಿಂತಿದೆ.
ಅವನು ಹೇಳಿದ್ದು ಅಂಕಿಯೋ, ಅಪ್ಪಣೆಯೋ?
ಕೇಳಲಿಲ್ಲ.
ಇಷ್ಟು ದಿನದಲ್ಲಿ ಅವನು ನನ್ನೊಡನೆ
ರೀ ಬಿಟ್ಟು ಮಾತಾಡಿದ್ದೇ ಇಲ್ಲ.