ಬಿತ್ತದ ಹೊಲದ ಬಾಬ್ತು

ಅಕ್ಟೋಬರ್ ಬಂತೆಂದರೆ ಆರ್ವಲ್ ಸ್ಟೂರ್
ಇಸ್ತ್ರಿ ಅಂಗಿ ತೊಟ್ಟು ಕೌಂಟಿ ಕಚೇರಿಗೆ ಬರುತ್ತಾನೆ.
ನೂರರವತ್ತು ಎಕರೆ
ಬಿತ್ತದೆ ಬಿಟ್ಟದ್ದಕ್ಕೆ ಸರ್ಕಾರದ ಹಣ.
ಸಹಿಗೆ ಮುನ್ನ ಅಂಗೈ ಪ್ಯಾಂಟಿಗೆ ಒರೆಸುತ್ತಾನೆ.
ಮಣ್ಣಿಲ್ಲ, ಆದರೂ.

"ಬೆಳೆದಾಗ ಇಷ್ಟು ಗಿಟ್ಟಿರಲಿಲ್ಲ ಕಣೆ, ಡಾರ್ಲಾ"
ನಗದೆ ಹೇಳುತ್ತಾನೆ.

ಯಾರಿಗೆ ಎಷ್ಟು ಎಂಬ ಪಟ್ಟಿ
ತಗಡಿನ ಕಣಜದ ಬಾಗಿಲಿಗೆ ಅಂಟಿದೆ;
ಎಲ್ಲರೂ ಓದಿದ್ದಾರೆ, ಯಾರೂ ಓದಿಲ್ಲ.
ದೊಡ್ಡ ಚೆಕ್ಕು ಹೋಗುವುದು
ಶಿಕಾಗೋದ ಹದಿನಾಲ್ಕನೇ ಮಹಡಿಗೆ,
ಅಲ್ಲಿ ಕುಂಡದಲ್ಲಾದರೂ ಮಣ್ಣಿದೆಯೋ ಇಲ್ಲವೋ.

ಮೊನ್ನೆ ತಪಾಸಣೆಗೆ ಹೋದೆ.
ಎದೆಮಟ್ಟ ಹುಲ್ಲು, ಗಾಳಿ.
ನಡುವೆ, ರಸ್ತೆಗೆ ಕಾಣದಂತೆ,
ಮೂರು ಸಾಲು ಮೆಕ್ಕೆಜೋಳ.

ಅವನು ತನ್ನ ಬೂಟು ನೋಡಿಕೊಂಡ.
ನಾನು ಫಾರಂ ತುಂಬಿದೆ: ಹುಲ್ಲು.

ವಾಪಸಾಗುವಾಗ ಪ್ರತಿ ತಿರುವಿನಲ್ಲೂ
ಪಕ್ಕದ ಸೀಟಿನಲ್ಲಿ
ಒಂದು ತೆನೆ ಉರುಳಾಡಿತು.