ಮಣಿಕಟ್ಟಿನ ಗೆರೆ

ಯಶವಂತಪುರ, ಮಾರ್ಕೆಟ್ ಯಾರ್ಡಿನ ಹಿಂದುಗಡೆ,
ಬೇರಿಂಗ್ ಅಂಗಡಿಯ ಮೇಲೆ ಎರಡನೇ ಮಹಡಿ.
ಬೆಳ್ಳುಳ್ಳಿ ಮೂಟೆಯ ಘಾಟು ಮೆಟ್ಟಿಲು ಹತ್ತಿ
ನಮ್ಮ ಎಕ್ಸ್‌ರೇ ಕೋಣೆಯವರೆಗೂ ಬರುತ್ತದೆ.
ಮಂಗಳವಾರ ಜಯಪಾಲ ಹನ್ನೊಂದು ಹುಡುಗರನ್ನು ತಂದ.
ಹನ್ನೊಂದು ಆಧಾರ್ ಜೆರಾಕ್ಸು, ಒಂದು ರಬ್ಬರ್ ಬ್ಯಾಂಡು.

ಎದೆಯದೊಂದು ಫಿಲ್ಮು, ಮಣಿಕಟ್ಟಿನದೊಂದು.
ಎದೆ ಕಲ್ಲಿದ್ದಲು ಗಣಿಯವರಿಗೆ. ಮಣಿಕಟ್ಟು ಕಾನೂನಿಗೆ.

"ಗಲ್ಲ ಮೇಲೆ. ಉಸಿರು ಎಳ್ಕೊ. ಹಿಡಿ. ಬಿಡು."
ಹದಿನಾಲ್ಕು ವರ್ಷದಿಂದ ಇಷ್ಟೇ ನನ್ನ ಮಾತು.
ಹಿಡಿದ ಕೆಲವರು ಬಿಡುವುದನ್ನೇ ಮರೆತು
ಬಾಗಿಲು ದಾಟಿ, ಚಪ್ಪಲಿ ಹುಡುಕುವಾಗ ನೆನಪಾಗಿ
ಹುಸ್ಸೆಂದು ನಗುತ್ತಾರೆ.

ಹುಲಿಗೆಪ್ಪ ಏಳನೆಯವನು. ಹೆಬ್ಬಾಳದ ಕಡೆ
ಯಾವುದೋ ಅಪಾರ್ಟ್‌ಮೆಂಟಿಗೆ ಟೈಲ್ಸ್ ಹೊರುತ್ತಿದ್ದವನು,
ಉಗುರಿನ ಸಂದಿಯಲ್ಲಿ ಸಿಮೆಂಟು ಇನ್ನೂ ಇತ್ತು.
"ಅಕ್ಕಾರ, ಇದರಾಗ ಹೆದರಿಕಿನೂ ಕಾಣ್ತದೇನ್ರಿ?"
"ಇಲ್ಲಪ್ಪ, ಎಲುಬು ಮಾತ್ರ."
"ಹಂಗಾದ್ರ ತೆಗೀರಿ."

ಅವನ ಶ್ವಾಸಕೋಶ ಮೂಡಿತು:
ಕಪ್ಪು, ತೊಳೆದಂಥ ಕಪ್ಪು.
ನಮ್ಮ ಲೆಕ್ಕವೇ ಹಾಗೆ, ಗಾಳಿ ಕಪ್ಪಗೆ ಕಾಣುತ್ತದೆ.
ಕಲ್ಲಿದ್ದಲ ಪುಡಿ ಕುಡಿದ ಎದೆಯಲ್ಲೇ
ಬಿಳಿ ಚುಕ್ಕೆ, ಚೆಲ್ಲಿದ ರವೆಯ ಹಾಗೆ.
ಒಮ್ಮೆ ನೋಡಿದ್ದೇನೆ.
ವಯಸ್ಸಿನ ಕಾಲಮ್ಮಿನಲ್ಲಿ ಮೂವತ್ತೊಂದು ಅಂತಿತ್ತು.

ಆಮೇಲೆ ಕೈ. ಅಂಗೈ ಕೆಳಗೆ, ಬೆರಳು ಬಿಡಿಸಿ,
ಹಬ್ಬಕ್ಕೆ ಸುಣ್ಣದ ಕೈ ಗೋಡೆಗೊತ್ತುವಂತೆ.
ಮುಂಗೈ ಎಲುಬು ಮುಗಿಯುವಲ್ಲಿ ಒಂದು ಕರಿಗೆರೆ,
ದಾರದಷ್ಟು.
ಹದಿನೆಂಟರ ಹೊತ್ತಿಗೆ ಸಾಮಾನ್ಯವಾಗಿ ಬೆಸೆದುಕೊಳ್ಳುತ್ತದೆ.
ಇವನದು ತೆರೆದೇ ಇತ್ತು,
ರಾತ್ರಿ ಬರುವವರಿದ್ದಾರೆಂದು
ಚಿಲಕ ಹಾಕದೆ ಬಿಟ್ಟ ಬಾಗಿಲು.

"ಇವನಿನ್ನೂ ಬೆಳೀತಿದ್ದಾನೆ," ಅಂದೆ.
ಜಯಪಾಲ ಮೊಬೈಲಿನಿಂದ ಕಣ್ಣೆತ್ತಲಿಲ್ಲ.
"ಬೆಳೆದು ಏನ್ ಮಾಡ್ಬೇಕು ಮೇಡಂ?
ಅಲ್ಲಿ ಸೂರು ನಾಲ್ಕೂವರೆ ಅಡಿ. ಕುಳ್ಳಗಿದ್ರೇ ಬಾಳಿಕೆ."

ಅಷ್ಟರಲ್ಲಿ ಕರೆಂಟು ಹೋಯಿತು.
ಯುಪಿಎಸ್ಸು ಕೀ ಕೀ ಎಂದಿತು. ಹುಡುಗರು ಕತ್ತಲಲ್ಲಿ
ಒಬ್ಬರಿಗೊಬ್ಬರು ಕಚಗುಳಿಯಿಟ್ಟು ಕಿಸಕ್ಕೆಂದರು.
ಅವನ ಎಲುಬಿನ ಸಂದು ನನಗೆ ತೋರಿಸಿದ ಬೆಳಕೂ
ಎಲ್ಲೋ ಯಾರೋ ಬಗ್ಗಿ ಅಗೆದು ಕಳಿಸಿದ್ದೇ.
ಅವನೆಷ್ಟು ಎತ್ತರವೋ,
ಈ ಹದಿನಾಲ್ಕು ವರ್ಷ ನಾನು ಕೇಳಿಕೊಂಡಿರಲಿಲ್ಲ.

ಡಾಕ್ಟರು ಸಂಜೆ ಏಳಕ್ಕೆ ಬಂದು
ಸ್ಕೂಟರಿನ ಕೀ ಕೈಲಿದ್ದಂತೆಯೇ ಸಹಿ ಹಾಕುತ್ತಾರೆ.
ಹೋದ ಶ್ರಾವಣದಲ್ಲಿ ಇಂಥದೇ ಗೆರೆ ನೋಡಿ
ನಾನು ಸುಮ್ಮನಿದ್ದೆ. ಮಗಳ ಫೀಜು ಕಟ್ಟುವ ವಾರ.
ಆ ಹುಡುಗನ ಹೆಸರು ಬಾಯಿಗೆ ಬರುವುದಿಲ್ಲ,
ಗೆರೆ ಬರುತ್ತದೆ, ಅನ್ನ ಬಸಿಯುವಾಗ, ತಲೆ ಬಾಚುವಾಗ.

ಈ ಸಲ ಫಿಲ್ಮಿನ ಮೇಲೆ ಕೆಂಪು ಪೆನ್ಸಿಲಿನಿಂದ
ಸುತ್ತು ಹಾಕಿದೆ. ಪಕ್ಕದಲ್ಲಿ ಬರೆದೆ:
ಹದಿನಾರು, ಹೆಚ್ಚೆಂದರೆ.

ಗುರುವಾರ ಬಂದ ಜಯಪಾಲ ಹತ್ತು ಕವರು ಒಯ್ದ.
ಹನ್ನೊಂದನೆಯದನ್ನು ಮುಟ್ಟಲಿಲ್ಲ, ಬೈಯಲೂ ಇಲ್ಲ.
ರಸ್ತೆಯಾಚೆ ಹೊಸ ಲ್ಯಾಬು ತೆರೆದಿದೆ,
ಬಲೂನು ಕಟ್ಟಿದ್ದಾರೆ, ಮೊದಲ ತಿಂಗಳು ಅರ್ಧ ಬೆಲೆ.

ಸ್ಟೇಷನ್ನಿನ ಕಡೆ ಮಧ್ಯಾಹ್ನದ ರೈಲು ಕೂಗಿತು.
ಕವರು ಬಿಚ್ಚಿ ಫಿಲ್ಮನ್ನು ಕಿಟಕಿಗೆ ಹಿಡಿದೆ.
ಬಿಸಿಲಿಗೆ ಎದ್ದು ನಿಂತಿತು ಆ ಕೈ,
ಐದೂ ಬೆರಳು ಅಗಲಿಸಿ,
ಹೊರಟ ಬಸ್ಸಿಗೆ ಅಡ್ಡ ಹಿಡಿದವನ ಹಾಗೆ.