ಕೈಗಡ

ಹಿಟ್ಟಿನ ಡಬ್ಬದ ಹಿಂದೆ ಮತ್ತೆ ಕೈಗೆ ತಾಗಿತು
ಆಶ್ಖೆನಳ ಜರಡಿ.
ಈಸ್ಟರಿನ ಹಿಂದಿನ ದಿನ, ಒಂದೇ ಗಂಟೆ ಅಂತ
ಕೈಗಡ ತಂದದ್ದು.
ಮೂವತ್ತೊಂದು ವರ್ಷವಾಯಿತು.

ತ್ಬಿಲಿಸಿಯ ಈ ಅಂಗಳಕ್ಕೆ ಆಗ ಹನ್ನೊಂದು ಬಾಗಿಲು,
ಒಂದು ನಲ್ಲಿ, ಒಂದು ಹಿಪ್ಪುನೇರಳೆ ಮರ,
ಮೊಗಸಾಲೆಯಿಂದ ಎದುರು ಮೊಗಸಾಲೆಗೆ
ಕಿರುಗುಟ್ಟುತ್ತ ರಾಟೆಯ ಮೇಲೆ ಓಡುವ ಬಟ್ಟೆಹಗ್ಗ.
ಯಾರ ಹೊದಿಕೆಗೆ ತೇಪೆ ಬಿತ್ತು,
ಯಾರ ಪಾತ್ರೆ ತಳ ಹಿಡಿಯಿತು,
ಯಾರ ಗಂಡ ಮೆಟ್ಟಿಲು ಎಣಿಸುತ್ತ ತಡವಾಗಿ ಹತ್ತಿದ,
ಎಲ್ಲರಿಗೂ ಗೊತ್ತು.
ಗುಟ್ಟು ಅಂದರೆ ನಮ್ಮಲ್ಲಿ
ನಲ್ಲಿಯ ಹತ್ತಿರ ಆಡದ ಮಾತು, ಅಷ್ಟೇ.

ಗೆರಾಸಿಮ್ ಟ್ರಾಲಿಬಸ್ ಓಡಿಸುತ್ತಿದ್ದ.
ಗಲ್ಲಿಯ ತುದಿ ದಾಟುವಾಗ ಎರಡು ಸಲ ಹಾರನ್ ಒತ್ತಿದರೆ
ಹೆಂಡತಿ ನೋರಾ ಸಾರು ಬಿಸಿಗಿಡುವಳು;
ಮೂರು ಸಲ ಒತ್ತಿದರೆ ಕೆಲಸ ನಮಗೆ:
ಗೆಳೆಯರ ಹಿಂಡೇ ಬರುತ್ತಿದೆ, ಕುರ್ಚಿ ಇಳಿಸಿ!
ಹನ್ನೊಂದು ಮನೆಯ ಕುರ್ಚಿಗಳಲ್ಲಿ
ಒಂದರಂತೆ ಒಂದಿಲ್ಲ.
ನಮ್ಮದು ಕುಂಟು. ಅದರಲ್ಲಿ ಕೂತವರು
ಹಾಡುವಾಗ ಮಾತ್ರ ನೆಟ್ಟಗಿರುತ್ತಿದ್ದರು.

ಗುಲಿಜಾರ್, ಕುರ್ದರವಳು,
ಕೋಳಿ ಕೂಗುವ ಮೊದಲೇ ಬೀದಿ ಗುಡಿಸಲು ಹೋದವಳು
ಸಂಜೆ ಈ ಮೆಟ್ಟಿಲಲ್ಲಿ ಕೂತು
ಸೂರ್ಯಕಾಂತಿ ಬೀಜ ಸುಲಿದು ಸುಲಿದು
ಸಿಪ್ಪೆಯನ್ನು ಕಾಲ ಬುಡಕ್ಕೇ ಉಗುಳುವಳು.
ಯಾರಾದರೂ ಹುಬ್ಬೇರಿಸಿದರೆ,
"ಊರಿಗೆಲ್ಲ ಗುಡಿಸಿದ್ದು ಸಾಲದೇನೇ?"

ಒಂಬತ್ತನೇ ಬಾಗಿಲಿನ ಮುದುಕ...
ಪಗಡೆಗೆ ಕೂತರೆ ದಾಳ ಉರುಳಿಸುವ ಮೊದಲು
ದಾಳಕ್ಕೆ ಬೈಯುತ್ತಿದ್ದ.
ಬೈಗುಳವೆಲ್ಲ ಬಾಯಿಪಾಠ. ಹೆಸರು ಬರುತ್ತಿಲ್ಲ.

ಆಮೇಲೆ ಆ ಚಳಿಗಾಲ.
ಕರೆಂಟಿಲ್ಲ, ಗ್ಯಾಸಿಲ್ಲ,
ಬ್ರೆಡ್ಡಿನ ಸಾಲಿನಲ್ಲಿ ನಿಂತೇ ಬೆಳಗಾಗುವುದು.
ನಲ್ಲಿಗೆ ಹಳೆಯ ಕೋಟು ತೊಡಿಸಿದ್ದೆವು.
ಒಂದು ರಾತ್ರಿ ಹಿಪ್ಪುನೇರಳೆಯ ದೊಡ್ಡ ಕೊಂಬೆಗೆ
ಗರಗಸ ಬಿತ್ತು.
ಹನ್ನೊಂದು ಮನೆಗೂ ಕೇಳಿಸಿತು.
ಒಂದು ಪರದೆಯೂ ಅಲುಗಲಿಲ್ಲ.
ಬೆಳಿಗ್ಗೆ ನಲ್ಲಿಯ ಹತ್ತಿರ ಎಲ್ಲರದೂ ಚಳಿಯ ಮಾತೇ;
ಹಸಿ ಸೌದೆಯ ಹೊಗೆ ಯಾವ ಕೊಳವೆಯಿಂದ ಏಳುತ್ತಿದೆಯೆಂದು
ಕತ್ತೆತ್ತಿ ಯಾರೂ ನೋಡಲಿಲ್ಲ.

ಗರಗಸ ನಮ್ಮದು. ಹಿಡಿದವನು ನನ್ನ ಒತಿಯಾ.
ಮಗುವಿಗೆ ಕೆಮ್ಮು.
ಮಧ್ಯಾಹ್ನ ಆಶ್ಖೆನ್ ಬಂದಳು, ಏನೂ ಕೇಳದೆ
ಒಲೆಯ ಮುಂದೆ ಎರಡೂ ಕೈ ಚಾಚಿ
"ಲಮಾರಾ, ನಿಮ್ಮಲ್ಲಿ ಬೆಚ್ಚಗಿದೆ" ಅಂದಳು.

ವಸಂತ ಬಂತು. ಮೊಟ್ಟೆಗೆ ಕೆಂಪು ಕಟ್ಟುವ ಬೇರು ಸಿಕ್ಕಿತು,
ಹಿಟ್ಟೂ ಸ್ವಲ್ಪ, ಹುಳ ಹಿಡಿದದ್ದು.
ಅದಕ್ಕೇ ಜರಡಿ.
ಮುಂದಿನ ವಾರ ಅವರು ರಸ್ತೋವಿಗೆ ಹೊರಟರು.
ಲಾರಿಯ ಮೇಲಿಂದ ಕೂಗಿದಳು:
"ಇರಲಿ ಬಿಡು, ಬಂದು ಇಸಕೊಳ್ತೀನಿ!"
ಆಮೇಲೆ ಫೋನ್ ಮಾಡಿದಾಗಲೆಲ್ಲ
ಆರೋಗ್ಯಕ್ಕಿಂತ ಮೊದಲು ಜರಡಿಯನ್ನೇ ಕೇಳುವಳು.

ನಿನ್ನೆ ಅವಳ ಮಗಳು ರುಜಾನಳ ಫೋನು.
ಅಮ್ಮನ ನಲವತ್ತನೇ ದಿನ ಕಳೆಯಿತಂತೆ.
ಇಬ್ಬರೂ ಬಾಗಿಲು ಎಣಿಸಿದೆವು,
ನೋರಾಳದು ಹಸಿರೆಂದು ನಾನು, ನೀಲಿಯೆಂದು ಅವಳು,
ಸೋಲಲು ಇಬ್ಬರೂ ಒಪ್ಪಲಿಲ್ಲ.
ಕೊನೆಗೆ ಹೇಳಿದೆ:
ನಿಮ್ಮ ಜರಡಿ ನನ್ನ ಹತ್ತಿರವೇ ಇದೆ ಕಣೇ.
ಅತ್ತ ಸದ್ದಿಲ್ಲ.
"ನಮ್ಮ ಮನೆಯಲ್ಲಿ ಜರಡಿ ಎಲ್ಲಿತ್ತು, ಚಿಕ್ಕಮ್ಮಾ?
ಅದು ಗುಲಿಜಾರಳದ್ದು.
ಅಮ್ಮ ಕೈಗಡ ತಂದದ್ದು."

ಗುಲಿಜಾರ್ ಎತ್ತ ಹೋದಳೋ.
ಜರ್ಮನಿ ಅಂದರು ಯಾರೋ, ಅಲ್ಲವೆಂದರು ಇನ್ನಾರೋ.
ಇವತ್ತು ಜರಡಿಯನ್ನು ತಿಕ್ಕಿ ತೊಳೆದು
ನಲ್ಲಿಯ ಪಕ್ಕದ ಮೊಳೆಗೆ, ಬಂದವರಿಗೆ ಕಾಣುವಂತೆ,
ತೂಗುಹಾಕಿದ್ದೇನೆ.
ಮೆಟ್ಟಿಲು ಮಾತ್ರ ಗುಡಿಸಿಲ್ಲ.